ಒಂದು ಕಿಲೋಬೈಟಿನ ಸಂಸಾರ

ಫೋನಿನಲ್ಲಿ ಜಾಗ ಸಾಲದೆಂದು ಬೆಳಿಗ್ಗೆ ಹಳೆಯ ಫೋಟೋಗಳನ್ನು ಅಳಿಸುತ್ತ ಕುಳಿತಿದ್ದಾಗ, ಕೇವಲ ಒಂದು ಕಿಲೋಬೈಟ್ ಮೆಮೊರಿಯಲ್ಲಿ ಸಂಸಾರ ಹೂಡಿದ್ದ ಸಿಂಕ್ಲೇರ್ ಗೃಹ ಕಂಪ್ಯೂಟರುಗಳು ನೆನಪಾದವು. ಬ್ರಿಟಿಷ್ ಉದ್ಯಮಿ ಕ್ಲೈವ್ ಸಿಂಕ್ಲೇರ್ 1980ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ತಂದ ಜೆಡ್‌ಎಕ್ಸ್80ರ ಬೆಲೆ ನೂರು ಪೌಂಡಿಗೆ ಐದು ಪೆನ್ಸ್ ಕಡಿಮೆ. ಬಿಡಿಭಾಗಗಳನ್ನು ತರಿಸಿಕೊಂಡು ತಾವೇ ಬೆಸುಗೆ ಹಾಕಿಕೊಳ್ಳುವವರಿಗೆ ಇನ್ನೂ ಅಗ್ಗ. ಪರದೆಯ ಚಿತ್ರವನ್ನು ಮೂಡಿಸುವ ಕೆಲಸವೂ ಪ್ರೊಸೆಸರಿನ ಹೆಗಲಿಗೇ ಬಿದ್ದಿದ್ದರಿಂದ, ಒಂದೊಂದು ಕೀಲಿ ಒತ್ತಿದಾಗಲೂ ಪರದೆಯಾಗಿ ಬಳಸುತ್ತಿದ್ದ ಟಿವಿಯ ಚಿತ್ರ ಕ್ಷಣಕಾಲ ಅದುರುತ್ತಿತ್ತು. ಮರುವರ್ಷದ ಜೆಡ್‌ಎಕ್ಸ್81 ನಾಲ್ಕೇ ಮುಖ್ಯ ಚಿಪ್ಪುಗಳಲ್ಲಿ ಆ ದೋಷವನ್ನು ನೀಗಿಸಿತಾದರೂ, ಹಿಂಬದಿಗೆ ಸಿಕ್ಕಿಸುತ್ತಿದ್ದ 16 ಕಿಲೋಬೈಟಿನ ಹೆಚ್ಚುವರಿ ಮೆಮೊರಿ ಪೆಟ್ಟಿಗೆ ತುಸು ಅಲುಗಿದರೂ ಸಾಕು, ಗಂಟೆಗಟ್ಟಲೆ ಟೈಪಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು. 1982ರಲ್ಲಿ ಬಣ್ಣ, ಧ್ವನಿಗಳೊಂದಿಗೆ, ರಬ್ಬರ್ ಕೀಲಿಗಳನ್ನು ಹೊತ್ತು ಬಂದ ಸಿಂಕ್ಲೇರರ ಮುಂದಿನ ಕಂಪ್ಯೂಟರ್ ಸ್ಪೆಕ್ಟ್ರಮ್‌ನ ಖ್ಯಾತಿಯೇ ದೊಡ್ಡದು; ಆದರೂ ನನ್ನ ಮೆಚ್ಚುಗೆ ಆ ಬಡ ಜೆಡ್‌ಎಕ್ಸ್81ಕ್ಕೇ. 1986ರಲ್ಲಿ ಆಮ್‌ಸ್ಟ್ರಾಡ್ ಸಂಸ್ಥೆಯು ಸಿಂಕ್ಲೇರ್ ಕಂಪ್ಯೂಟರುಗಳ ಹಕ್ಕನ್ನು 50 ಲಕ್ಷ ಪೌಂಡಿಗೆ ಕೊಂಡುಕೊಂಡಿತು. ನಾನು ಅಳಿಸಿದ ಮಸುಕಾದ ಒಂದು ಫೋಟೋ ಮೂರು ಮೆಗಾಬೈಟ್ ಇತ್ತು, ಅಂದರೆ ಸುಮಾರು ಮೂರು ಸಾವಿರ ಜೆಡ್‌ಎಕ್ಸ್81ಗಳಷ್ಟು.