ಉರಿ ಇಲ್ಲ, ಜ್ವರ ಇಲ್ಲ. ಆದರೂ ಮೂತ್ರದ ಕಲ್ಚರ್ ಯಾಕೆ?

"ಉರಿ ಇಲ್ಲ, ಜ್ವರ ಇಲ್ಲ, ಮತ್ತ್ಯಾಕ್ರೀ ಗುಳಿಗಿ?" ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಸೋಂಕು ಇದೆ ಎಂದು ರಿಪೋರ್ಟ್ ಬಂದಾಗ ಬಸುರಿಯರು, ಅವರಿಗಿಂತ ಹೆಚ್ಚಾಗಿ ಅವರ ಅತ್ತೆಯಂದಿರು, ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಬಸುರಿ ಅಲ್ಲದ ಆರೋಗ್ಯವಂತ ಹೆಂಗಸಿಗೆ ಇದೇ ರಿಪೋರ್ಟ್ ಬಂದರೆ ಸಾಮಾನ್ಯವಾಗಿ ಔಷಧ ಬೇಕಿಲ್ಲ. ಬಸುರಿಯಲ್ಲಿ ಮಾತ್ರ ಹಾರ್ಮೋನಿನಿಂದ ಕಿಡ್ನಿಯಿಂದ ಮೂತ್ರ ಇಳಿಸುವ ನಾಳ ಸಡಿಲಾಗಿರುತ್ತದೆ, ಬೆಳೆಯುವ ಗರ್ಭಕೋಶ ಅದನ್ನು ಒತ್ತುತ್ತದೆ. ಮೂತ್ರ ಸರಾಗ ಇಳಿಯದೆ ನಿಂತಾಗ ಇ. ಕೋಲಿಯಂಥ ಬ್ಯಾಕ್ಟೀರಿಯಾ ಕಿಡ್ನಿಯವರೆಗೂ ಏರಬಹುದು. ನೂರರಲ್ಲಿ 2ರಿಂದ 10 ಬಸುರಿಯರಿಗೆ ಲಕ್ಷಣವಿಲ್ಲದ ಈ ಸೋಂಕು ಇರುತ್ತದೆ. ಹಾಗೇ ಬಿಟ್ಟರೆ ಕೆಲವರಿಗೆ ಚಳಿಜ್ವರ, ಪಕ್ಕೆನೋವು, ದಿನ ತುಂಬುವ ಮೊದಲೇ ಹೆರಿಗೆ.

ಪಸ್ ಸೆಲ್ (ಕೀವಿನ ಕಣ) ನೋಡುವ ಸಾದಾ ಪರೀಕ್ಷೆ ಇದನ್ನು ಎಷ್ಟೋ ಸಲ ಹಿಡಿಯುವುದಿಲ್ಲ. ಮೊದಲ ತಪಾಸಣೆಯಲ್ಲಿ, ಅಥವಾ 12ರಿಂದ 16 ವಾರದೊಳಗೆ, ಕಲ್ಚರ್ ಬರೆದುಕೊಡಿ ಎಂದು ನೀವೇ ಕೇಳಿ.

ಕೆಡುವುದು ಹೆಚ್ಚಾಗಿ ಸ್ಯಾಂಪಲ್ಲಿನಲ್ಲಿ. ಕುಂದಗೋಳದಲ್ಲಿ ಬೆಳಿಗ್ಗೆ ಆರಕ್ಕೆ ಮನೆಯ ಬಾಟಲಿಯಲ್ಲಿ ಹಿಡಿದು, ಬಸ್ಸಿನಲ್ಲಿ ತಂದು, ಹುಬ್ಬಳ್ಳಿಯಲ್ಲಿ ಸರತಿ ನಿಂತು ಹತ್ತೂವರೆಗೆ ಕೊಟ್ಟರೆ, ಬಿಸಿಲಿಗೆ ನಾಲ್ಕು ಬ್ಯಾಕ್ಟೀರಿಯಾ ಲಕ್ಷವಾಗಿರುತ್ತವೆ. ಲ್ಯಾಬಿನಲ್ಲೇ ಸ್ಟೆರೈಲ್ ಡಬ್ಬಿ ಇಸಿದುಕೊಂಡು ಅಲ್ಲೇ ಕೊಡಿ. ಕೈ ತೊಳೆದು, ಆ ಜಾಗವನ್ನು ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಡಬ್ಬಿಯ ಒಳಗೆ, ಮುಚ್ಚಳದ ಒಳಮೈಗೆ ಬೆರಳು ತಾಗಬಾರದು. ಎರಡು ತಾಸಿನೊಳಗೆ ಲ್ಯಾಬಿಗೆ ಮುಟ್ಟದಿದ್ದರೆ ಫ್ರಿಜ್ಜಿನಲ್ಲಿಡಬೇಕು.

ರಿಪೋರ್ಟಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ, ಮಿಲಿಲೀಟರಿಗೆ ಒಂದು ಲಕ್ಷ ಅಥವಾ ಹೆಚ್ಚು ಇದ್ದರೆ ಸೋಂಕು. 'ಮಿಕ್ಸೆಡ್ ಗ್ರೋತ್' (ಹಲವು ಜಾತಿ ಬೆರೆತದ್ದು) ಎಂದಿದ್ದರೆ ಸ್ಯಾಂಪಲ್ ಕೆಟ್ಟಿದೆ. ಗುಳಿಗೆ ನುಂಗುವ ಬದಲು ಮತ್ತೊಮ್ಮೆ ಕೊಡಿ.

ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 7 ದಿನದ ಆ್ಯಂಟಿಬಯಾಟಿಕ್. ಯಾವುದು ಎಂಬುದನ್ನು ಸೆನ್ಸಿಟಿವಿಟಿ (ಯಾವ ಔಷಧಕ್ಕೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂಬ ವರದಿ) ಮತ್ತು ಬಸುರಿನ ತಿಂಗಳು ನೋಡಿ ಡಾಕ್ಟರೇ ಬರೆಯಬೇಕು: ನೈಟ್ರೊಫ್ಯೂರಂಟಾಯಿನ್ ಹೆರಿಗೆ ಹತ್ತಿರ ಬಂದಾಗ ಬೇಡ, ಮನೆಯಲ್ಲಿ ಉಳಿದ ಸಿಪ್ರೊಫ್ಲಾಕ್ಸಾಸಿನ್ ಅಂತೂ ಬೇಡವೇ ಬೇಡ. ಕೊತ್ತಂಬರಿ ನೀರು ಕುಡಿಯಿರಿ, ತಂಪು; ಆದರೆ ಅದು ಗುಳಿಗೆಗೆ ಬದಲಲ್ಲ. ಕೋರ್ಸ್ ಮುಗಿದ ಒಂದು ವಾರದ ಮೇಲೆ ಮತ್ತೆ ಕಲ್ಚರ್ ಮಾಡಿಸಿ, ಏಕೆಂದರೆ ಸೋಂಕು ಮರಳುವುದುಂಟು.

ಕಲ್ಚರಿನಲ್ಲಿ 'ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್' ಎಂಬ ಬ್ಯಾಕ್ಟೀರಿಯಾ ಬಂದಿದ್ದರೆ, ಎಣಿಕೆ ಕಡಿಮೆ ಇದ್ದರೂ, ಮಗುವಿನ ಸಲುವಾಗಿ ಹೆರಿಗೆನೋವಿನ ಹೊತ್ತಿಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಬೇಕಾಗುತ್ತದೆ. ಕುಬುಸ ಮುಗಿಸಿ ಗದಗಿಗೋ ಹಾವೇರಿಗೋ ತವರಿಗೆ ಹೋಗುವವರು ಆ ರಿಪೋರ್ಟನ್ನು ತಾಯಿ ಕಾರ್ಡಿಗೆ ಪಿನ್ ಹೊಡೆದು ಒಯ್ಯಿರಿ. ಅಲ್ಲಿಯ ಡಾಕ್ಟರಿಗೆ ಇದು ಬೇರೆ ದಾರಿಯಿಂದ ತಿಳಿಯುವುದಿಲ್ಲ.