ಗುಡ್ಡದ ಊರಲ್ಲಿ ಕಿಲೋಮೀಟರ್ ಲೆಕ್ಕ ನಡೆಯಲ್ಲ

ಮೈಸೂರಿನ ಒಂದು ಟೂರ್ ಆಫೀಸಿನಲ್ಲಿ ಪ್ರವಾಸದ ಪ್ಲ್ಯಾನ್ ಹಾಕುವುದು, ಗುಂಪಿನ ಜೊತೆ ಹೋಗಿ ಬರುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ರಿಟೈರ್ ಆದವರು. ಸರಸ್ವತಿಪುರಂ, ಕುವೆಂಪುನಗರ ಕಡೆಯವರು. ದಿನಾ ಕುಕ್ಕರಹಳ್ಳಿ ಕೆರೆ ಸುತ್ತುವವರು. "ನಡೆಯೋಕೆ ನಮಗೇನೂ ತೊಂದರೆ ಇಲ್ಲ ಕಣಪ್ಪಾ" ಅಂತ ಮೊದಲೇ ಹೇಳಿರುತ್ತಾರೆ. ಅದು ನಿಜವೇ. ಆದರೆ ಕೆರೆಯ ದಾರಿ ಸಮತಟ್ಟು. ನಾವು ಅವರನ್ನು ಕರೆದುಕೊಂಡು ಹೋಗುವ ಹಾಂಗ್ ಕಾಂಗ್ ಹಾಗಲ್ಲ.

ಹಾಂಗ್ ಕಾಂಗ್ ದ್ವೀಪದಲ್ಲಿ ಬಂದರಿನ ಪಕ್ಕ ಒಂದು ಸಣ್ಣ ಪಟ್ಟಿಯಷ್ಟೇ ಸಮತಟ್ಟು ನೆಲ. ಅದರಲ್ಲೂ ತುಂಬಾ ಭಾಗ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿಕೊಂಡದ್ದು. ಅದರ ಬೆನ್ನಿಗೇ ಗುಡ್ಡ. ವಿಕ್ಟೋರಿಯಾ ಪೀಕ್ 552 ಮೀಟರ್ ಎತ್ತರ ಇದೆ. ಮ್ಯಾಪಿನಲ್ಲಿ ಹತ್ತಿರ ಕಾಣುವ ದಾರಿ ಪೂರ್ತಿ ಮೆಟ್ಟಿಲೇ ಆಗಿರಬಹುದು.

ನನಗೆ ಇದರ ಲೆಕ್ಕ ಹೇಳಿಕೊಟ್ಟವರು ಗುಂಪಿನಲ್ಲಿ ಬಂದಿದ್ದ ಒಬ್ಬ ಮೇಷ್ಟ್ರು. ಹೊರಡುವ ಮುಂಚೆ ಆಫೀಸಿನಲ್ಲಿ ಎಲ್ಲರೂ "ಎಷ್ಟು ದೂರ ನಡೀಬೇಕು?" ಅಂತ ಕೇಳುತ್ತಿದ್ದರು. ಅವರು ಮಾತ್ರ, "ಹತ್ತೋದೆಷ್ಟು, ಇಳಿಯೋದೆಷ್ಟು, ಅದನ್ನ ಹೇಳಪ್ಪ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಅಂತೀವಿ. ಎಷ್ಟು ಕಿಲೋಮೀಟರ್ ಅಂತ ಯಾರಾದರೂ ಹೇಳ್ತಾರಾ?" ಅಂದರು. ಎಂಥ ಮಾತು ಅಲ್ವಾ! ಈಗ ನನ್ನ ಪ್ಲ್ಯಾನ್ ಹಾಳೆಯಲ್ಲಿ ಪ್ರತಿ ಜಾಗದ ಮುಂದೆ ದೂರದ ಜೊತೆಗೆ ಏರು, ಇಳಿಜಾರು, ಮೆಟ್ಟಿಲು ಎಲ್ಲವನ್ನೂ ಬರೆಯುತ್ತೇನೆ. ಹತ್ತುವ ಕೆಲಸ ಯಂತ್ರಕ್ಕೆ, ಸಮತಟ್ಟಿನ ನಡಿಗೆ ಕಾಲಿಗೆ.

ಅದಕ್ಕೆ ಹಾಂಗ್ ಕಾಂಗ್‌ನಲ್ಲಿ ಒಳ್ಳೆ ಏರ್ಪಾಡಿದೆ. ಬೆಳಿಗ್ಗೆ ಪೀಕ್ ಟ್ರಾಮ್ ಹಿಡಿದು ಮೇಲೆ ಹೋಗುತ್ತೇವೆ. ಕಡಿದಾದ ಗುಡ್ಡದ ಮೇಲಕ್ಕೆ ಹಗ್ಗ ಎಳೆದು ಹತ್ತಿಸುವ, 1888ರಿಂದ ಓಡುತ್ತಿರುವ ಟ್ರಾಮ್ ಅದು. ಮೇಲೆ ಎಲ್ಲರೂ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ನಾನು ಹಾಗೆ ಬಿಡುವುದಿಲ್ಲ. ಅಲ್ಲೇ ಲುಗಾರ್ಡ್ ರಸ್ತೆ, ಹಾರ್ಲೆಕ್ ರಸ್ತೆ ಸೇರಿದ ದಾರಿ ಇದೆ. ಶಿಖರವನ್ನು ಸುತ್ತಿಕೊಂಡು ಹೋಗುವ ಸುಮಾರು ಮೂರೂವರೆ ಕಿಲೋಮೀಟರ್ ಸುತ್ತು, ಹೆಚ್ಚುಕಮ್ಮಿ ಸಮತಟ್ಟು. ಒಂದು ಕಡೆ ಮರಗಳು, ಇನ್ನೊಂದು ಕಡೆ ಕೆಳಗೆ ಇಡೀ ಬಂದರು. ಕುಕ್ಕರಹಳ್ಳಿ ಸುತ್ತುವವರಿಗೆ ಹೇಳಿ ಮಾಡಿಸಿದ ದಾರಿ. ಆ ಊರಲ್ಲಿ ನನಗೆ ತುಂಬಾ ಇಷ್ಟವಾದ ಜಾಗವೂ ಅದೇ.

ಇಳಿಯುವುದಕ್ಕೆ 15ನೇ ನಂಬರ್ ಬಸ್. ಮಂಡಿಗೆ ಜಾಸ್ತಿ ಪೆಟ್ಟು ಬೀಳುವುದು ಇಳಿಯುವಾಗಲೇ. ಹತ್ತುವಾಗ ಉಸಿರು ಕಟ್ಟುತ್ತದೆ, ನಿಂತರೆ ಸರಿಹೋಗುತ್ತದೆ. ಮಂಡಿ ನೋವು ಹಾಗೆ ಹೋಗುವುದಿಲ್ಲ.

ಊಟ ಆದಮೇಲೆ, ಬಂದರಿನ ಪಕ್ಕದ ಸೆಂಟ್ರಲ್ ಬಡಾವಣೆಯಿಂದ ಗುಡ್ಡದ ಮೇಲಿನ ಮಿಡ್ ಲೆವೆಲ್ಸ್ ಬಡಾವಣೆಗೆ ಹೋಗುವ ಎಸ್ಕಲೇಟರ್. 1993ರಲ್ಲಿ ಶುರುವಾಯಿತು. ಒಂದರ ಹಿಂದೆ ಒಂದರಂತೆ ಹಲವು ಎಸ್ಕಲೇಟರ್ ಜೋಡಿಸಿದ ಸಾಲು ಅದು, 800 ಮೀಟರ್ ಉದ್ದಕ್ಕೆ ಸಾಗಿ 135 ಮೀಟರ್ ಮೇಲೇರುತ್ತದೆ. ದುಡ್ಡು ಕೊಡಬೇಕಿಲ್ಲ. ಪ್ಲ್ಯಾನ್ ಹಾಕುವವರು ಇಲ್ಲಿ ಒಂದು ಗಮನಿಸಬೇಕು. ಬೆಳಿಗ್ಗೆ ಹತ್ತರವರೆಗೆ ಅದು ಕೆಳಮುಖವಾಗಿ ಓಡುತ್ತದೆ, ಮೇಲೆ ಮನೆ ಇರುವವರು ಕೆಲಸಕ್ಕೆ ಇಳಿದು ಬರಲಿ ಅಂತ. ಹತ್ತಾದ ಮೇಲೆಯೇ ಮೇಲ್ಮುಖ. ಎಂಟು ಗಂಟೆಗೆ ಹೋದರೆ ಪಕ್ಕದ ಮೆಟ್ಟಿಲು ಹತ್ತಬೇಕು.

ನಾವು ತುದಿಯವರೆಗೆ ಹೋಗುವುದಿಲ್ಲ. ಹಳೆಯ ಪೊಲೀಸ್ ಠಾಣೆ, ಜೈಲು ಸೇರಿದ್ದ ತೈ ಕ್ವುನ್ ಹತ್ತಿರ ಇಳಿಯುತ್ತೇವೆ. 2018ರಿಂದ ಅದು ಜನರಿಗೆ ತೆರೆದಿದೆ. ಅಲ್ಲಿಂದ ಹಾಲಿವುಡ್ ರಸ್ತೆಯಲ್ಲಿ ನಿಧಾನಕ್ಕೆ ಮಾನ್ ಮೋ ಗುಡಿಗೆ. ಒಳಗೆ ಸೂರಿನಿಂದ ಸುರುಳಿ ಸುರುಳಿ ಊದುಬತ್ತಿ ತೂಗುತ್ತಿರುತ್ತವೆ. ನಮ್ಮ ಹಿರಿಯರು ಅಲ್ಲಿ ತಾವಾಗಿಯೇ ಕೈ ಮುಗಿಯುತ್ತಾರೆ. ಪಕ್ಕದ ಲ್ಯಾಡರ್ ಸ್ಟ್ರೀಟ್ ಹೆಸರಿಗೆ ತಕ್ಕಂತೆ ಬರೀ ಮೆಟ್ಟಿಲು. ಮಳೆ ಬಂದರೆ ಕಲ್ಲು ಜಾರುತ್ತದೆ. ಅದನ್ನು ನಿಂತು ನೋಡಿ, ಬಸ್ ಹತ್ತುತ್ತೇವೆ.

ಮಾರ್ಚ್, ಏಪ್ರಿಲ್‌ನಲ್ಲಿ ಪೀಕ್ ಮೇಲೆ ಮಂಜು ಜಾಸ್ತಿ. ಅಂಥ ದಿನ ಬೆಳಿಗ್ಗೆ ಸ್ಟಾರ್ ಫೆರಿಯಲ್ಲಿ ಬಂದರು ದಾಟಿಸಿ, 1904ರಿಂದ ಓಡುವ ಬೀದಿ ಟ್ರಾಮಿನಲ್ಲಿ ಕೂರಿಸುತ್ತೇನೆ. ಹತ್ತಾದ ಮೇಲೆ ಎಸ್ಕಲೇಟರ್. ಮಧ್ಯಾಹ್ನ ಮಂಜು ಕರಗಿದರೆ ಪೀಕ್, ಇಲ್ಲದಿದ್ದರೆ ಮರುದಿನಕ್ಕೆ.