ಇದು ಯಾವ ಊರು ಮಾರಾಯ್ರೆ?

ಈ ಸೋಮವಾರ ನಮ್ಮ ಪೀಣ್ಯದ ಟೆಸ್ಟಿಂಗ್ ಲ್ಯಾಬಿಗೆ ಮಲ್ಪೆಯಿಂದ ಒಬ್ಬರು ಬಂದಿದ್ದರು. ಅವರು ಕೇಳಿದ ಒಂದು ಪ್ರಶ್ನೆ ವಾರವಿಡೀ ತಲೆಯಿಂದ ಇಳಿದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗಲೂ ಅದೇ, ಊಟಕ್ಕೆ ಕೂತಾಗಲೂ ಅದೇ.

ಅವರನ್ನು ಕರೆತಂದವರು ನಮ್ಮ ಹಳೆಯ ಕಸ್ಟಮರ್. ಶೀಟ್ ಮೆಟಲ್ ವರ್ಕ್‌ಶಾಪ್ ಇಟ್ಟುಕೊಂಡು ಕರೆಂಟಿನ ಸ್ವಿಚ್ಚು ಕೂರಿಸುವ ಪ್ಯಾನೆಲ್ ಬಾಕ್ಸ್ ಮಾಡುತ್ತಾರೆ. ಒಳ್ಳೆಯ ಮನುಷ್ಯ. ಬಿಲ್ ಬಾಕಿ ಇಡುವುದಿಲ್ಲ, ಹಬ್ಬಕ್ಕೆ ಸ್ವೀಟ್ ಬಾಕ್ಸ್ ತಪ್ಪಿಸುವುದಿಲ್ಲ. ಆದರೆ ಸ್ಯಾಂಪಲ್ ಒಳಗೆ ಇಟ್ಟ ಮಾರನೇ ದಿನದಿಂದಲೇ ‘ಪಾಸ್ ಆಗುತ್ತಲ್ವಾ ಸರ್?’ ಎಂದು ಫೋನ್ ಶುರು. ಉಪ್ಪು ನೀರು ಸಿಂಪಡಿಸಿ ತುಕ್ಕು ಹಿಡಿಯುತ್ತದಾ ನೋಡುವ ಸಾಲ್ಟ್ ಸ್ಪ್ರೇ ಟೆಸ್ಟ್ ಅದು. 500 ಗಂಟೆ ಅಂದರೆ ಹೆಚ್ಚು ಕಡಿಮೆ 21 ದಿನ. ಅಷ್ಟು ದಿನವೂ ಅದೇ ಫೋನ್. ಸೋಮವಾರ ಸ್ಯಾಂಪಲ್ ಹೊರಗೆ ತೆಗೆಯುವ ದಿನ. ಬಾಕ್ಸ್ ಕೊಳ್ಳುವವರ ಕಣ್ಣೆದುರೇ ಪಾಸ್ ಆಗಲಿ ಎಂದು ಮಲ್ಪೆಯವರನ್ನು ಜೊತೆಗೆ ಕರೆತಂದಿದ್ದರು. ಅವರದು ಬಂದರಿನ ಹತ್ತಿರ ಐಸ್ ಪ್ಲಾಂಟ್. ಅರವತ್ತು ದಾಟಿರಬೇಕು. ಬಿಳಿ ಪಂಚೆ, ಕೈಯಲ್ಲಿ ಕೊಡೆ. ಬೆಂಗಳೂರಿನಲ್ಲಿ ಅವತ್ತು ಮಳೆ ಇರಲಿಲ್ಲ.

ಚೇಂಬರಿನ ಮುಚ್ಚಳ ಎತ್ತಿದೆವು. ಒಳಗೆ ಏನಿದೆ ಅಂದರೆ, ನೂರಕ್ಕೆ 5 ಪಾಲು ಉಪ್ಪು ಕರಗಿಸಿದ ನೀರು, ಮಂಜಿನ ಹಾಗೆ ಸಿಂಪಡಣೆ, 35 ಡಿಗ್ರಿ ಸೆಲ್ಸಿಯಸ್ ಬಿಸಿ. ಸಮುದ್ರದ ನೀರಿನಲ್ಲಿ ಉಪ್ಪು ನೂರಕ್ಕೆ ಮೂರೂವರೆ ಪಾಲು ಇರುತ್ತದೆ. ನಮ್ಮದು ಅದಕ್ಕಿಂತ ಜಾಸ್ತಿ. 80 ಚದರ ಸೆಂಟಿಮೀಟರ್ ಜಾಗದ ಮೇಲೆ ಗಂಟೆಗೆ ಒಂದರಿಂದ ಎರಡು ಮಿಲಿಲೀಟರ್ ಬೀಳಬೇಕು. ಅದಕ್ಕಿಂತ ಕಡಿಮೆಯೂ ಆಗಬಾರದು, ಜಾಸ್ತಿಯೂ ಆಗಬಾರದು. ದಿನಾ ಬೆಳಗ್ಗೆ ಅಳೆದು ಬರೆದಿಡುವುದು ನಮ್ಮ ಹುಡುಗರ ಕೆಲಸ.

ಬಣ್ಣ ಹಾಕಿದ ಸ್ಯಾಂಪಲ್ ಪ್ಲೇಟುಗಳ ಮೇಲೆ ಮೊದಲೇ ಬ್ಲೇಡಿನಿಂದ ಲೋಹ ಕಾಣುವವರೆಗೆ ಗೀರು ಹಾಕಿರುತ್ತೇವೆ. ಟೆಸ್ಟ್ ಮುಗಿದ ಮೇಲೆ ತೊಳೆದು, ಕೆರೆದು, ಗೀರಿನ ಪಕ್ಕ ಬಣ್ಣದ ಅಡಿಯಲ್ಲಿ ತುಕ್ಕು ಎಷ್ಟು ಹರಿದಿದೆ ಎಂದು ಅಳೆಯಬೇಕು. ಅವತ್ತು ಒಂದು ಮಿಲಿಮೀಟರ್ ಕೂಡ ಹರಿದಿರಲಿಲ್ಲ. ಗುಳ್ಳೆ ಇಲ್ಲ, ಸಿಪ್ಪೆ ಎದ್ದಿಲ್ಲ. ಆರಾಮಾಗಿ ಪಾಸ್. ನಮ್ಮ ಕಸ್ಟಮರ್ ಮುಖ ಅರಳಿತು. ‘ನೋಡಿ ಸರ್, 500 ಗಂಟೆ! ಸಮುದ್ರದ ಪಕ್ಕ ಹತ್ತು ವರ್ಷ ಏನೂ ಆಗಲ್ಲ’ ಎಂದು ಮಲ್ಪೆಯವರ ಹೆಗಲು ತಟ್ಟಿದರು. ಹತ್ತು ವರ್ಷ ಎಲ್ಲಿಂದ ಬಂತೋ ಅವರಿಗೇ ಗೊತ್ತು.

ಮಲ್ಪೆಯವರು ಪ್ಲೇಟ್ ನೋಡಲೇ ಇಲ್ಲ. ಚೇಂಬರಿನೊಳಗೆ ಬಗ್ಗಿ ನೋಡುತ್ತಿದ್ದರು.

‘ಇದರೊಳಗೆ ಬಿಸಿಲು ಬರ್ತದಾ?’

‘ಇಲ್ಲ ಸರ್.’

‘ಗಾಳಿಗೆ ಒಣಗ್ತದಾ?’

‘ಇಲ್ಲ. ಮುಗಿಯುವವರೆಗೂ ಒದ್ದೆಯೇ ಇರುತ್ತದೆ.’

‘ಹಗಲೂ ರಾತ್ರಿಯೂ 35 ಡಿಗ್ರಿಯೇ?’

‘ಹೌದು.’

‘ಹಾಗಾದ್ರೆ ಇದು ಯಾವ ಊರು ಮಾರಾಯ್ರೆ?’

ಕಸ್ಟಮರ್ ಜೋರಾಗಿ ನಕ್ಕರು. ನಮ್ಮ ಹುಡುಗರೂ ನಕ್ಕರು. ಕೇಳಿದವರು ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು.

ಅಂಥ ಊರು ಭೂಮಿಯ ಮೇಲೆ ಎಲ್ಲೂ ಇಲ್ಲ. ಇದು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತಿರುವ ವಿಷಯ. ಈ ಟೆಸ್ಟ್ ಹೇಗೆ ಮಾಡಬೇಕೆಂದು ಹೇಳುವ, 1939ರಲ್ಲೇ ಬಂದ ಎಎಸ್‌ಟಿಎಂ ಬಿ117 ಎಂಬ ಸ್ಟ್ಯಾಂಡರ್ಡ್ ಇವತ್ತಿಗೂ ನಡೆಯುತ್ತಿದೆ. ಇಷ್ಟು ಗಂಟೆ ತಡೆದರೆ ಹೊರಗಡೆ ಇಷ್ಟು ವರ್ಷ ಎಂದು ಲೆಕ್ಕ ಹಾಕಲು ಬರುವುದಿಲ್ಲ, ಎರಡಕ್ಕೂ ತಾಳೆ ಆಗುವುದು ಅಪರೂಪ ಎಂಬ ಎಚ್ಚರಿಕೆ ಆ ಸ್ಟ್ಯಾಂಡರ್ಡ್ ಒಳಗೇ ಇದೆ. ಇದು ಹೋಲಿಸಿ ನೋಡುವುದಕ್ಕೆ ಇರುವ ಟೆಸ್ಟ್. ಹೋದ ತಿಂಗಳ ಬ್ಯಾಚಿಗೂ ಈ ತಿಂಗಳ ಬ್ಯಾಚಿಗೂ ವ್ಯತ್ಯಾಸ ಇದೆಯಾ, ಕೋಟಿಂಗ್ ಮಾಡುವ ಮೊದಲು ಶೀಟ್ ಸರಿಯಾಗಿ ತೊಳೆದಿದ್ದಾರಾ, ಇಂಥವನ್ನು ಚೆನ್ನಾಗಿ ಹೇಳುತ್ತದೆ. ಆದರೆ ಟೆಂಡರ್ ಬರೆಯುವವರು 500 ಗಂಟೆ ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಎಷ್ಟೋ ಸಲ ಅದೂ ಹಿಂದಿನ ಟೆಂಡರಿನಿಂದ ಎತ್ತಿ ಅಂಟಿಸಿದ ಸಾಲು. ರಾಯಚೂರಿಗೆ ಹೋಗುವ ಬಾಕ್ಸಿಗೂ ಸಾಲ್ಟ್ ಸ್ಪ್ರೇ ಕೇಳಿದ್ದನ್ನು ನೋಡಿದ್ದೇನೆ. ಅಲ್ಲಿ ಬೇಕಾದದ್ದು ಬಿಸಿಲಿನ ಟೆಸ್ಟ್, ಧೂಳಿನ ಟೆಸ್ಟ್.

ಉಪ್ಪು ಬಿದ್ದು ಒಣಗುತ್ತದೆ, ರಾತ್ರಿ ಇಬ್ಬನಿಗೆ ಮತ್ತೆ ಒದ್ದೆಯಾಗುತ್ತದೆ, ಬೆಳಗ್ಗೆ ಮತ್ತೆ ಒಣಗುತ್ತದೆ. ಕಡಲತೀರದಲ್ಲಿ ನಡೆಯುವುದು ಇದು. ಸತುವನ್ನೇ ತೆಗೆದುಕೊಳ್ಳಿ. ಹೊರಗಿನ ಗಾಳಿಯಲ್ಲಿ ಒದ್ದೆಯಾಗಿ ಒಣಗುವಾಗ ಅದರ ಮೇಲೆ ಒಂದು ಗಟ್ಟಿ ಪದರ ಕೂಡುತ್ತದೆ. ಅದೇ ಅದಕ್ಕೆ ರಕ್ಷಣೆ. ನಮ್ಮ ಚೇಂಬರಿನಲ್ಲಿ ಒಣಗುವ ಮಾತೇ ಇಲ್ಲ, ಹಾಗಾಗಿ ಆ ಪದರ ಕೂಡುವುದೇ ಇಲ್ಲ. ಊರಲ್ಲಿ ವರ್ಷಗಟ್ಟಲೆ ಬಾಳುವ, ಸತು ಲೇಪಿಸಿದ ಜಿಐ ಶೀಟ್ ನಮ್ಮಲ್ಲಿ ಬೇಗ ಸೋತುಬಿಡುತ್ತದೆ. ಪುಡಿ ಬಣ್ಣ ಎರಚಿ ಬಿಸಿಯಲ್ಲಿ ಕೂರಿಸುವ ಪೌಡರ್ ಕೋಟಿಂಗ್ ಕಥೆ ಇದಕ್ಕೆ ತಿರುಗಾಮುರುಗಾ. ಎಪಾಕ್ಸಿ ಎಂಬ ರಾಳ ಬೆರೆತ ಪೌಡರ್ ಉಪ್ಪಿಗೆ ಬಗ್ಗುವುದಿಲ್ಲ, ಆದರೆ ಬಿಸಿಲು ಕಂಡರೆ ಆಗದು. ಬಿಸಿಲಿನ ನೇರಳಾತೀತ (ಯುವಿ) ಕಿರಣಕ್ಕೆ ಮೇಲ್ಪದರ ಪುಡಿಪುಡಿಯಾಗುತ್ತದೆ. ಹೊರಗಡೆ ಇಡುವ ಬಾಕ್ಸಿಗೆ ಪಾಲಿಯೆಸ್ಟರ್ ಪೌಡರ್ ಹಾಕಬೇಕು, ಅದಕ್ಕೆ ದುಡ್ಡು ಜಾಸ್ತಿ. ನಮ್ಮ ಕಸ್ಟಮರ್ ಕೊಟ್ಟ ಸ್ಯಾಂಪಲ್ಲು ಎರಡೂ ಬೆರೆಸಿದ ಹೈಬ್ರಿಡ್ ಪೌಡರ್. ಒಳಗೆ ಇಡುವ ಸಾಮಾನಿಗೆ ಹಾಕುವಂಥದ್ದು.

ನಾನು ಇದನ್ನೆಲ್ಲ ಹೇಳಲು ಬಾಯಿ ತೆಗೆಯುವ ಮೊದಲೇ ಮಲ್ಪೆಯವರು ತಮ್ಮ ಪ್ಲಾಂಟಿನ ಕಥೆ ಹೇಳಿದರು. ಅವರಲ್ಲಿ ಬೇರೆ ಯಾರೋ ಮಾಡಿಕೊಟ್ಟ ಎರಡು ಹಳೆಯ ಬಾಕ್ಸ್ ಇವೆಯಂತೆ. ಒಂದೇ ದಿನ ಕೂರಿಸಿದ್ದು, ಒಂದೇ ಬಣ್ಣ. ಒಂದು ಒಳಗೆ, ಬ್ರೈನ್ ಅಂದರೆ ಉಪ್ಪು ನೀರಿನ ಟ್ಯಾಂಕಿನ ಪಕ್ಕ. ಇನ್ನೊಂದು ಹೊರಗೆ, ಪಡುವಣ ಗೋಡೆಗೆ. ‘ಒಳಗಿನದ್ದಕ್ಕೆ ದಿನವಿಡೀ ಉಪ್ಪು ನೀರು ಹಾರ್ತದೆ. ಎಂತದೂ ಆಗಲಿಲ್ಲ. ಹೊರಗಿನದ್ದು ಮುಟ್ಟಿದರೆ ಬೆರಳಿಗೆ ಬಿಳಿ ಹಿಟ್ಟು ಅಂಟ್ತದೆ. ಈಗ ಕೆಳಗೆ ತುಕ್ಕು ಶುರು ಉಂಟು. ಹಾಗಾಗಿ ಬಿಸಿಲು ಕೇಳಿದ್ದು.’

ನನಗೆ ಒಳಗೊಳಗೇ ಖುಷಿಯಾಯಿತು. ಒಂದೇ ಬಣ್ಣ, ಎರಡು ಜಾಗ, ಬದಲಾದದ್ದು ಮುಖ್ಯವಾಗಿ ಬಿಸಿಲು. ಎಂಜಿನಿಯರಿಂಗ್ ಓದಿ ಬಂದ ಎಷ್ಟು ಜನ ಇಷ್ಟು ಚೊಕ್ಕವಾಗಿ ಪ್ರಯೋಗ ಮಾಡುತ್ತಾರೆ? ನಮ್ಮಲ್ಲಿಗೆ ಬರುವ ಪರ್ಚೇಸ್‌ನವರು ರಿಪೋರ್ಟಿನ ಕೊನೆಯ ಪುಟ ತಿರುಗಿಸಿ ‘ಪಾಸ್’ ಎಲ್ಲಿದೆ ಎಂದು ಹುಡುಕುತ್ತಾರೆ, ಅಷ್ಟೇ. ಮೊದಲ ಪುಟದಲ್ಲಿ ಯಾವ ಪೌಡರ್, ಎಷ್ಟು ಮೈಕ್ರಾನ್ ದಪ್ಪ ಎಂದು ಬರೆದಿರುವುದನ್ನು ಯಾರೂ ಓದುವುದಿಲ್ಲ.

ಬಿಸಿಲಿಗೂ ಚೇಂಬರ್ ಇದೆ. 60 ಡಿಗ್ರಿಯಲ್ಲಿ ಎಂಟು ಗಂಟೆ ಯುವಿ ಲ್ಯಾಂಪ್, 50 ಡಿಗ್ರಿಯಲ್ಲಿ ನಾಲ್ಕು ಗಂಟೆ ಕೃತಕ ಇಬ್ಬನಿ, ಮತ್ತೆ ಲ್ಯಾಂಪ್. ಇನ್ನೂ ಮುಂದೆ ಹೋದರೆ ಸಮುದ್ರದೊಳಗೆ ತೈಲ ತೆಗೆಯುವ ಕಟ್ಟೆಗಳ ಬಣ್ಣಕ್ಕೆ ಮಾಡಿದ ಟೆಸ್ಟ್. ಅದರಲ್ಲಿ ಮೂರು ದಿನ ಯುವಿ ಮತ್ತು ಇಬ್ಬನಿ, ಮೂರು ದಿನ ಉಪ್ಪು, ಒಂದು ದಿನ ಮೈನಸ್ 20 ಡಿಗ್ರಿ ಚಳಿ. ಹೀಗೆ 25 ವಾರ, ಒಟ್ಟು 4200 ಗಂಟೆ. ಅದನ್ನು ಹೇಳಿದಾಗ ಮಲ್ಪೆಯವರು, ‘ಅಷ್ಟು ಚಳಿ ನನ್ನ ಪ್ಲಾಂಟಿನಲ್ಲೂ ಇಲ್ಲ’ ಅಂದರು. ಈ ಸಲ ಅವರೂ ನಕ್ಕರು.

ಇದ್ಯಾವುದೂ ಬೇಡ ಅಂದರೆ ಬಯಲಿನಲ್ಲೇ ಇಟ್ಟು ಕಾಯುವುದು. ಕಾರೈಕುಡಿಯಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರೋಕೆಮಿಕಲ್ ಸಂಶೋಧನಾ ಸಂಸ್ಥೆ ಇದೆಯಲ್ಲ, ಅವರು ರಾಮೇಶ್ವರದ ದಾರಿಯ ಮಂಡಪಂನಲ್ಲಿ ಕಡಲ ಗಾಳಿಗೆ ಲೋಹದ ಪ್ಲೇಟುಗಳನ್ನು ಒಡ್ಡಿ ವರ್ಷಗಟ್ಟಲೆ ನೋಡಿದ್ದಾರೆ. ಅದು ನಿಜವಾದ ಊರು, ನಿಜವಾದ ಉತ್ತರ. ಆದರೆ ಅಷ್ಟು ಕಾಯುವ ವ್ಯಾಪಾರಿ ಯಾರಿದ್ದಾರೆ? ಎಲ್ಲರಿಗೂ ಮೂರು ವಾರದಲ್ಲಿ ಹತ್ತು ವರ್ಷ ಕಾಣಬೇಕು. ‘ಹೇಳಲು ಬರುವುದಿಲ್ಲ’ ಅಂದರೆ ಅದು ಲ್ಯಾಬಿನ ದೌರ್ಬಲ್ಯ ಅನ್ನಿಸುತ್ತದೆ. ಧೈರ್ಯವಾಗಿ ಸುಳ್ಳು ಸಂಖ್ಯೆ ಹೇಳುವ ಸೇಲ್ಸ್‌ಮನ್ ಜಾಣ ಅನ್ನಿಸಿಕೊಳ್ಳುತ್ತಾನೆ. ನಾವು ಫ್ರಿಜ್ ಕೊಳ್ಳುವಾಗಲೂ ಇಷ್ಟೇ ಅಲ್ವಾ? ಅಂಗಡಿಯವನು ಹತ್ತು ವರ್ಷ ಅನ್ನುತ್ತಾನೆ. ಯಾವುದಕ್ಕೆ ಹತ್ತು ವರ್ಷ, ಬಾಗಿಲಿಗಾ ಕಂಪ್ರೆಸರಿಗಾ ಎಂದು ನಾವು ಕೇಳುವುದಿಲ್ಲ.

ನಾನು ಅವತ್ತು ಇಬ್ಬರೆದುರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಉಪ್ಪಿಗೆ ಇದು ಗಟ್ಟಿ, ಬಿಸಿಲಿಗೆ ಈ ಪೌಡರ್ ಬೇಡ. ಕಸ್ಟಮರ್ ಮುಖ ಸಣ್ಣದಾಯಿತು. ಹೊರಗೆ ಬಂದ ಮೇಲೆ ನಮ್ಮ ಮ್ಯಾನೇಜರ್, ‘ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಸಾಕಾಗಿತ್ತು’ ಅಂದರು. ಕೇಳಿದ್ದೇ ಅದನ್ನಲ್ಲವಾ ಅಂದೆ. ಅವರು ಟೀ ಕುಡಿಯಲು ಹೋದರು.

ಗುರುವಾರ ಕಸ್ಟಮರ್ ಫೋನ್ ಮಾಡಿದರು. ಸಿಟ್ಟೇನೂ ಇರಲಿಲ್ಲ. ಮಲ್ಪೆಯ ಆರ್ಡರಿಗೆ ಪಾಲಿಯೆಸ್ಟರ್ ಪೌಡರೇ ಹಾಕುತ್ತಾರಂತೆ, ಆ ಯಜಮಾನರು ಹೆಚ್ಚಿನ ರೇಟಿಗೂ ಒಪ್ಪಿದ್ದಾರಂತೆ.

ಅದೇ ಹೈಬ್ರಿಡ್ ಪೌಡರಿನ ಬಾಕ್ಸ್ ಕಾರವಾರದ ಒಂದು ಟೆಂಡರಿಗೂ ಹೋಗುವುದಿತ್ತು. ‘ಕಾರವಾರದ ಟೆಂಡರ್ ಬಾಕ್ಸಿಗೆ?’ ಎಂದು ಕೇಳಿದೆ.

‘ಅವರು ಬಿಸಿಲು ಕೇಳಿಲ್ಲವಲ್ಲ ಸರ್. 500 ಗಂಟೆ ಕೇಳಿದ್ದಾರೆ, ಕೊಡ್ತೀವಿ.’

ಈ ಫಲಿತಾಂಶ ಟೆಸ್ಟ್ ಮಾಡಿದ ಸ್ಯಾಂಪಲ್ಲಿಗೆ ಮಾತ್ರ ಸಂಬಂಧಿಸಿದ್ದು ಎಂಬ ಸಾಲು ನಮ್ಮ ಪ್ರತಿ ರಿಪೋರ್ಟಿನಲ್ಲೂ ಇರಲೇಬೇಕು. ಅದರ ಪ್ರಕಾರ ಮಲ್ಪೆಗೆ ಹೋಗುವ ಒಳ್ಳೆಯ ಬಾಕ್ಸಿಗೆ ಸದ್ಯಕ್ಕೆ ಯಾವ ರಿಪೋರ್ಟೂ ಇಲ್ಲ. ಕಾರವಾರಕ್ಕೆ ಹೋಗುವುದಕ್ಕೆ ಇದೆ. ಶುಕ್ರವಾರ ಸಹಿ ಹಾಕಿ ಕಳಿಸಿದೆ. ಅದರಲ್ಲಿ ಬರೆದಿರುವ ಒಂದು ಅಂಕಿಯೂ ತಪ್ಪಿಲ್ಲ.